ಪ್ಲಗ್ಗಿನ ಶಾಖ ಎಂಜಿನ್ನಿಗೆ ಮಾತ್ರ: ಹಿಮದ ನಾಡಿನಲ್ಲಿ ಆಟೋಮ್ಯಾಟಿಕ್ ಕಾರು

ಪ್ರಶ್ನೆ: ಹಾಸನದಿಂದ ಬಂದು ಕೆನಡಾದ ಸಸ್ಕಾಟೂನ್‌ನಲ್ಲಿ ನೆಲೆಸಿರುವ ನಮಗೆ ಇದು ಮೊದಲ ಚಳಿಗಾಲ. ಬೇಸಿಗೆಯಲ್ಲಿ ಹತ್ತು ವರ್ಷ ಹಳೆಯದಾದ ಆಟೋಮ್ಯಾಟಿಕ್ ಗೇರಿನ ಪೆಟ್ರೋಲ್ ಕಾರೊಂದನ್ನು ಕೊಂಡೆವು. ಅದರ ಮುಂಭಾಗದ ಜಾಲರಿಯಿಂದ ಮೂರು ಪಿನ್ನಿನ ಪ್ಲಗ್ಗೊಂದು ನೇತಾಡುತ್ತದೆ. ಅದು ಎಂಜಿನ್ ಕಾಯಿಸುವ ಹೀಟರಿನದು, ರಾತ್ರಿಯಿಡೀ ಕರೆಂಟಿಗೆ ಹಾಕಿಡಿ ಎಂದು ಮಾರಿದವರು ಹೇಳಿದ್ದರು. ಕಳೆದ ವಾರ ಮೈನಸ್ 29 ಡಿಗ್ರಿ ಇದ್ದ ಬೆಳಿಗ್ಗೆ ಎಂಜಿನ್ ಸಲೀಸಾಗಿಯೇ ಸ್ಟಾರ್ಟ್ ಆಯಿತು. ಆದರೆ ‘ಆರ್’ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡು ಕಾರು ಅಲುಗಲಿಲ್ಲ, ಆಮೇಲೆ ಧಡಕ್ಕನೆ ಹಿಂದಕ್ಕೆ ಸರಿಯಿತು. ಗೇರ್‌ಬಾಕ್ಸ್ ಕೆಟ್ಟಿದೆಯೇ? ಪ್ಲಗ್ಗನ್ನು ರಾತ್ರಿಯಿಡೀ ಹಾಗೇ ಬಿಡುವುದು ಸುರಕ್ಷಿತವೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಉತ್ತರ: ಗೇರ್‌ಬಾಕ್ಸ್ ಕೆಟ್ಟಿದೆ ಎಂದು ಈಗಲೇ ಭಾವಿಸಬೇಕಾಗಿಲ್ಲ. ಆ ಪ್ಲಗ್ಗಿನ ಮೂಲಕ ಹರಿದ ವಿದ್ಯುತ್ತು ಕಾಯಿಸಿದ್ದು ಎಂಜಿನ್ನನ್ನು ಮಾತ್ರ. ಅದಕ್ಕೆ ಅಂಟಿಕೊಂಡೇ ಇರುವ ಗೇರ್‌ಬಾಕ್ಸಿನೊಳಗಿನ ಎಣ್ಣೆ ಬೆಳಗಿನವರೆಗೂ ಹೆಚ್ಚುಕಡಿಮೆ ಹೊರಗಿನ ಗಾಳಿಯಷ್ಟೇ ತಣ್ಣಗಿತ್ತು. ಎಂಜಿನ್ ಸರಾಗವಾಗಿ ಸ್ಟಾರ್ಟ್ ಆಯಿತೆಂದರೆ ಇಡೀ ಕಾರೇ ಹೊರಡಲು ಸಿದ್ಧವಾಗಿದೆ ಎಂದುಕೊಳ್ಳುವುದು ಇಲ್ಲಿಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ಪ್ಲಗ್ಗಿನ ವಿಷಯದಲ್ಲಿ ನೀವು ಎಚ್ಚರ ವಹಿಸಬೇಕಾದದ್ದು ಹೀಟರಿಗಿಂತ ಹೆಚ್ಚಾಗಿ ಅದರ ವೈರಿನ ಬಗ್ಗೆ. ಗೇರ್‌ಬಾಕ್ಸಿನ ವಿಷಯದಲ್ಲಿ ಬೇಕಾದದ್ದು ಹೊರಟ ಮೊದಲ ಹತ್ತು ನಿಮಿಷಗಳ ತಾಳ್ಮೆ. ಎರಡನ್ನೂ ಬೇರೆ ಬೇರೆಯಾಗಿಯೇ ವಿವರಿಸುತ್ತೇನೆ.

ಊರಿನಲ್ಲಿ ಬಕೆಟ್ಟಿನ ನೀರಿಗೆ ಇಳಿಬಿಡುವ ಹೀಟರ್ ರಾಡ್ ನೆನಪಿದ್ದರೆ ಈ ಬ್ಲಾಕ್ ಹೀಟರ್ ನಿಮಗೆ ಹೊಸದೇನಲ್ಲ. ಎಂಜಿನ್ನಿನ ಎರಕದ ಗೋಡೆಯಲ್ಲಿ, ತಯಾರಿಸುವಾಗಲೇ ಉಳಿದ ರಂಧ್ರಗಳನ್ನು ಮುಚ್ಚಲು ಲೋಹದ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಅಂಥ ಒಂದು ಬಿಲ್ಲೆಯನ್ನು ತೆಗೆದು ಆ ಜಾಗದಲ್ಲಿ ಚಿಕ್ಕದೊಂದು ಕಾಯಿಲನ್ನು, ಅದರ ಮೈ ಒಳಗಿನ ಕೂಲೆಂಟಿನಲ್ಲಿ, ಅಂದರೆ ಎಂಜಿನ್ನನ್ನು ತಣಿಸುವ ದ್ರವದಲ್ಲಿ, ಮುಳುಗಿರುವಂತೆ, ಜೋಡಿಸುತ್ತಾರೆ. ಪಂಪು ತಿರುಗದಿದ್ದರೂ ಬಿಸಿಯಾದ ಕೂಲೆಂಟ್ ಮೇಲಕ್ಕೇರಿ ತಣ್ಣಗಿರುವುದು ಕೆಳಗಿಳಿಯುತ್ತ, ಬಚ್ಚಲ ಹಂಡೆಯ ನೀರು ಕಾಯುವ ಹಾಗೆ, ಬ್ಲಾಕಿನ ಸುತ್ತ ಶಾಖ ನಿಧಾನವಾಗಿ ಹರಡುತ್ತದೆ. ಸಾಮಾನ್ಯ ಕಾರುಗಳಲ್ಲಿ ಇದು 400ರಿಂದ 1000 ವ್ಯಾಟ್‌ವರೆಗೆ ಇರುತ್ತದೆ. ಎಂಜಿನ್ ಆಯಿಲ್ ತುಂಬಿರುವ ತಳದ ತಟ್ಟೆಗೆ ಹೊರಗಿನಿಂದ ಅಂಟಿಸುವ ಪ್ಯಾಡುಗಳೂ, ರೇಡಿಯೇಟರ್ ಕೊಳವೆಯ ನಡುವೆ ಕೂರಿಸುವ ಹೀಟರುಗಳೂ ಇವೆ. ಈ ಬಗೆಯ ಉಪಕರಣ ಹುಟ್ಟಿದ್ದೂ ನಿಮ್ಮಲ್ಲಿರುವಂಥದೇ ಹವೆಯ ಊರಿನಲ್ಲಿ: ಅಮೆರಿಕದ ನಾರ್ತ್ ಡಕೋಟದ ಗ್ರ್ಯಾಂಡ್ ಫೋರ್ಕ್ಸ್‌ನ ಆಂಡ್ರ್ಯೂ ಫ್ರೀಮನ್ ಎಂಬವರು ಎಂಜಿನ್ನಿನ ತಲೆಭಾಗದ ಬೋಲ್ಟಿನ ಜಾಗದಲ್ಲಿ ಕೂರುವ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು.

ಇದರ ಅಗತ್ಯ ನಮ್ಮ ನಾಡಿನಿಂದ ಬಂದವರಿಗೆ ಅನುಭವಿಸದ ಹೊರತು ತಿಳಿಯುವುದು ಕಷ್ಟ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಎಂಜಿನ್ ಆಯಿಲ್ಲಿಗೆ ಅದು ಚಳಿಯೇ ಅಲ್ಲ. ಮೈನಸ್ 30ರ ಹೊತ್ತಿಗೆ ಎರಡು ಕಷ್ಟಗಳು ಒಟ್ಟಿಗೇ ಬರುತ್ತವೆ. ಒಂದು ಕಡೆ ಎಣ್ಣೆ ಜೋನಿಬೆಲ್ಲದಂತೆ ಮಂದವಾಗಿ ಎಂಜಿನ್ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಇನ್ನೊಂದು ಕಡೆ ಆ ಬಲ ಕೊಡಬೇಕಾದ ಬ್ಯಾಟರಿಯ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗಿ, ಅದರ ಶಕ್ತಿಯಲ್ಲಿ ದೊಡ್ಡ ಪಾಲು ಆ ಬೆಳಿಗ್ಗೆ ಕೈಗೆ ಸಿಗುವುದಿಲ್ಲ. ಹೀಟರ್ ಮೊದಲನೆಯ ಕಷ್ಟವನ್ನು ಹಗುರ ಮಾಡುತ್ತದೆ, ಎರಡನೆಯದನ್ನು ಮುಟ್ಟುವುದೇ ಇಲ್ಲ. ಆಯಿಲ್ ಡಬ್ಬದ ಮೇಲಿನ ‘ಡಬ್ಲ್ಯು’ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. 5 ಡಬ್ಲ್ಯು ಎಣ್ಣೆಯ ಪಂಪಾಗುವ ಗುಣವನ್ನು ಮೈನಸ್ 35ರಲ್ಲಿ ಪರೀಕ್ಷಿಸಿದರೆ 0 ಡಬ್ಲ್ಯು ಎಣ್ಣೆಯದನ್ನು ಮೈನಸ್ 40ರಲ್ಲಿ ಪರೀಕ್ಷಿಸುತ್ತಾರೆ. ನಿಮ್ಮ ಕಾರಿನ ಕೈಪಿಡಿ 0 ಡಬ್ಲ್ಯು ಎಣ್ಣೆಗೆ ಒಪ್ಪಿಗೆ ಕೊಟ್ಟಿದ್ದರೆ ಅದನ್ನೇ ಹಾಕಿಸಿಕೊಳ್ಳಿ. ಹೀಟರಿಗೆ ಖರ್ಚು ಮಾಡುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅದು.

ಇನ್ನು ಎಷ್ಟು ಹೊತ್ತು ಎಂಬ ಪ್ರಶ್ನೆ. ಎಂಜಿನ್ ಬಿಸಿಯಾದಂತೆಲ್ಲ ಅದು ಹೊರಗಿನ ಗಾಳಿಗೆ ಬಿಟ್ಟುಕೊಡುವ ಶಾಖವೂ ಹೆಚ್ಚುತ್ತದೆ. ಸುಮಾರು ಮೂರು ನಾಲ್ಕು ಗಂಟೆಗಳಲ್ಲಿ ಹೀಟರ್ ಕೊಡುವುದೂ ಎಂಜಿನ್ ಕಳೆದುಕೊಳ್ಳುವುದೂ ಸಮವಾಗಿಬಿಡುತ್ತವೆ, ಆಮೇಲೆ ಹರಿಯುವ ವಿದ್ಯುತ್ತು ಊರಿನ ಗಾಳಿಯನ್ನು ಕಾಯಿಸುತ್ತದೆಯೇ ಹೊರತು ಎಂಜಿನ್ನನ್ನು ಇನ್ನಷ್ಟು ಬಿಸಿ ಮಾಡುವುದಿಲ್ಲ. ಆದ್ದರಿಂದ ಹೊರಡುವುದಕ್ಕೆ ಎರಡು ಗಂಟೆ ಮೊದಲು, ತೀರಾ ಚಳಿಯಿದ್ದರೆ ನಾಲ್ಕು ಗಂಟೆ ಮೊದಲು ಚಾಲೂ ಆಗುವಂತೆ ಹೊರಾಂಗಣಕ್ಕೆಂದೇ ತಯಾರಿಸಿದ ಟೈಮರ್ ಒಂದನ್ನು ಹಾಕಿ. ಲೆಕ್ಕ ಸರಳವಾಗಿದೆ: 600 ವ್ಯಾಟಿನ ಹೀಟರ್ ಹತ್ತು ಗಂಟೆ ಉರಿದರೆ 6 ಯುನಿಟ್, ಮೂರು ಗಂಟೆ ಉರಿದರೆ 1.8 ಯುನಿಟ್, ಮೂವತ್ತು ದಿನಕ್ಕೆ 126 ಯುನಿಟ್ ಉಳಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಒಳ್ಳೆಯ ಸ್ಥಿತಿಯಲ್ಲಿರುವ ಹೀಟರಿನಿಂದ ಎಂಜಿನ್ನಿಗೆ ಹಾನಿಯಿಲ್ಲ. ಆದರೆ ಯಾರ ಕಣ್ಣೂ ಇಲ್ಲದ ಹೊತ್ತಿನಲ್ಲಿ ವೈರಿನಲ್ಲಿ ಕರೆಂಟು ಹರಿಯುವ ಗಂಟೆಗಳು ಕಡಿಮೆಯಾದಷ್ಟೂ ಒಳ್ಳೆಯದು, ಟೈಮರಿಗೆ ನಾನು ಒತ್ತಾಯಿಸುವುದು ಬಿಲ್ಲಿಗಿಂತ ಹೆಚ್ಚಾಗಿ ಈ ಕಾರಣಕ್ಕೆ. ಉಷ್ಣತೆ ಮೈನಸ್ 15ಕ್ಕಿಂತ ಮೇಲಿರುವ ದಿನಗಳಲ್ಲಿ, ಸರಿಯಾದ ಆಯಿಲ್ಲೂ ಗಟ್ಟಿ ಬ್ಯಾಟರಿಯೂ ಇದ್ದರೆ, ಪ್ಲಗ್ ಹಾಕದೆಯೂ ಕಾರು ಸ್ಟಾರ್ಟ್ ಆಗುತ್ತದೆ; ಹಾಕಿದರೆ ಎಂಜಿನ್ನಿನ ಸವೆತವೂ ಮೊದಲ ಕೆಲವು ಕಿಲೋಮೀಟರಿನ ಪೆಟ್ರೋಲ್ ಖರ್ಚೂ ತಗ್ಗುತ್ತವೆ.

ಈಗ ವೈರಿನ ವಿಷಯಕ್ಕೆ ಬರುತ್ತೇನೆ. ಬ್ಲಾಕ್ ಹೀಟರಿನಿಂದ ಬೆಂಕಿ ಹೊತ್ತಿತು ಎಂಬ ಸುದ್ದಿ ಕೇಳಿದಾಗ ಮೊದಲು ಅನುಮಾನಿಸಬೇಕಾದದ್ದು ಕಾಯಿಲನ್ನಲ್ಲ, ಅದಕ್ಕೆ ಕರೆಂಟು ತಂದುಕೊಡುವ ದಾರಿಯನ್ನು. ನಮ್ಮೂರಿನ 230 ವೋಲ್ಟಿನ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಿ. 600 ವ್ಯಾಟಿನ ಹೀಟರಿಗೆ ನಮ್ಮಲ್ಲಿ 2.6 ಆಂಪಿಯರ್ ಸಾಕು, ಇಲ್ಲಿನ 120 ವೋಲ್ಟಿನಲ್ಲಿ ಅದಕ್ಕೆ 5 ಆಂಪಿಯರ್ ಬೇಕು. ವೈರು ಬಿಸಿಯಾಗುವುದು ಕರೆಂಟಿನ ವರ್ಗಕ್ಕೆ ಅನುಗುಣವಾಗಿಯಾದ್ದರಿಂದ, ಅದೇ ದಪ್ಪದ ವೈರು ಇಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು ಶಾಖವನ್ನು ತನ್ನ ಮೈಯಲ್ಲೇ ಹುಟ್ಟಿಸುತ್ತದೆ. ಊರಿನಿಂದ ಪೆಟ್ಟಿಗೆಯಲ್ಲಿ ತಂದ ಎಕ್ಸ್‌ಟೆನ್ಷನ್ ಬೋರ್ಡು, ಮನೆಯೊಳಗೆ ಟೇಬಲ್ ದೀಪಕ್ಕೆ ಬಳಸುವ ತೆಳು ವೈರು, ಇವೆರಡನ್ನೂ ಈ ಕೆಲಸಕ್ಕೆ ತರಲೇಬೇಡಿ. ಕೊಳ್ಳುವಾಗ ಹೊರಾಂಗಣಕ್ಕೆ ಯೋಗ್ಯವೆಂದು ಬರೆದಿರುವ, ಕೆನಡಾದ ಸುರಕ್ಷತಾ ಮಾನಕವಾದ ಸಿಎಸ್‌ಎ ಗುರುತು ಇರುವ, ಮೂರು ತಂತಿಯ, ಸಾಧ್ಯವಾದಷ್ಟು ಚಿಕ್ಕದಾದ ವೈರನ್ನು ಆರಿಸಿ. 15 ಮೀಟರಿನೊಳಗೆ 14 ಗೇಜ್ ಇದ್ದರೆ ನೆಮ್ಮದಿಯಾಗಿರಬಹುದು. ಗೇಜಿನ ಸಂಖ್ಯೆ ಚಿಕ್ಕದಾದಷ್ಟೂ ವೈರು ದಪ್ಪ ಎಂಬುದನ್ನು ಮರೆಯಬೇಡಿ, ಅಂಗಡಿಯಲ್ಲಿ ಉಲ್ಟಾ ಎಣಿಸಿ 18 ಗೇಜಿನ ವೈರು ಹಿಡಿದುಕೊಂಡು ಬರುವವರಿದ್ದಾರೆ. ಅಗ್ಗದ ವೈರಿನ ಹೊದಿಕೆ ಮೈನಸ್ 30ರಲ್ಲಿ ಒಣಗಿದ ಕಡ್ಡಿಯಂತೆ ಪೆಡಸಾಗಿ, ಬಗ್ಗಿಸಿದಲ್ಲಿ ಸೀಳುಬಿಡುತ್ತದೆ. ಚಳಿಯಲ್ಲೂ ಮೆತ್ತಗಿರುವಂತೆ ಮಾಡಿದ ವೈರಿಗೆ ಸ್ವಲ್ಪ ಹೆಚ್ಚು ದುಡ್ಡು ಕೊಡುವುದು ಸರಿಯಾದ ಖರ್ಚು.

ವೈರಿಗೆ ವೈರು ಜೋಡಿಸಿ ಉದ್ದ ಮಾಡಬಾರದು. ಅದನ್ನು ಚಾಪೆಯ ಕೆಳಗೆ, ಬಾಗಿಲ ಸಂದಿಯಲ್ಲಿ, ಹಿಮ ಗೋರುವ ಹಾದಿಯಲ್ಲಿ ಹಾಯಿಸಬಾರದು. ಹಾಗೆಯೇ ಸುರುಳಿ ಸುತ್ತಿದಂತೆಯೇ ಬಿಟ್ಟು ಬಳಸಿದರೆ ಶಾಖ ಹೊರಹೋಗದೆ ನಡುವೆ ಸೇರಿಕೊಳ್ಳುತ್ತದೆ. ಮೂರನೆಯ ಪಿನ್ನು, ಅಂದರೆ ನಾವು ಅರ್ಥಿಂಗ್ ಎನ್ನುವುದು, ಮುರಿದಿದ್ದರೆ ಆ ಪ್ಲಗ್ಗನ್ನು ಬಳಸಬೇಡಿ: ಒಳಗೆ ಕಾಯಿಲಿನ ಕವಚ ಸೀಳಿದ ದಿನ ಇಡೀ ಕಾರಿನ ಮೈಗೆ ಕರೆಂಟು ಬಂದು, ಬಾಗಿಲ ಹಿಡಿಕೆ ಮುಟ್ಟಿದ ಮಗುವಿಗೆ ಅದು ಹೊಡೆಯದಂತೆ ತಡೆಯುವುದು ಆ ಪಿನ್ನೇ. ಮನೆಯ ಹೊರಗಿನ ಸಾಕೆಟ್ಟಿನಲ್ಲಿ ‘ಟೆಸ್ಟ್’ ಮತ್ತು ‘ರೀಸೆಟ್’ ಎಂಬ ಎರಡು ಗುಂಡಿಗಳಿದ್ದರೆ ಅದು ಸೋರಿಕೆ ಕಂಡಾಕ್ಷಣ ಕರೆಂಟು ಕಡಿಯುವಂಥದು, ನಮ್ಮಲ್ಲಿನ ಇಎಲ್‌ಸಿಬಿಯಂಥ ರಕ್ಷಣೆ. ಹೀಟರ್ ಹಾಕಿದಾಗ ಅದು ಮತ್ತೆ ಮತ್ತೆ ಬೀಳುತ್ತಿದ್ದರೆ ‘ಈ ಸಾಕೆಟ್ ಸರಿಯಿಲ್ಲ’ ಎಂದು ಇನ್ನೊಂದಕ್ಕೆ ಹಾಕಿಕೊಳ್ಳುವ ಜಾಣತನ ಬೇಡ. ಹೀಟರಿನಲ್ಲೋ ವೈರಿನಲ್ಲೋ ತೇವ ಸೇರಿದೆ ಎಂದು ಅದು ನಿಮಗೆ ಹೇಳುತ್ತಿದೆ. ಒಂದೇ ವೈರಿನಲ್ಲಿ 600 ವ್ಯಾಟಿನ ಬ್ಲಾಕ್ ಹೀಟರ್ ಜೊತೆಗೆ ಕಾರಿನೊಳಗೆ ಇಡುವ 900 ವ್ಯಾಟಿನ ಚಿಕ್ಕ ಹೀಟರನ್ನೂ ಸೇರಿಸಿದರೆ ಒಟ್ಟು 12.5 ಆಂಪಿಯರ್ ಆಗುತ್ತದೆ. ಇಲ್ಲಿನ ಸಾಮಾನ್ಯ ಸರ್ಕ್ಯೂಟ್ 15 ಆಂಪಿಯರಿನದು, ಅದರ ಮೇಲೆ ಗಂಟೆಗಟ್ಟಲೆ ಹೊರೆ ಹೇರುವಾಗ 12ರೊಳಗೆ ಇರಬೇಕೆಂಬುದು ರೂಢಿಯ ಮಿತಿ.

ಪ್ರತಿದಿನ ಪ್ಲಗ್ ಕೀಳುವಾಗ ಒಂದು ಕ್ಷಣ ಕೈಗವಸು ತೆಗೆದು ಪ್ಲಗ್ಗಿನ ತಲೆಯನ್ನು ಮುಟ್ಟಿನೋಡಿ. ಆ ಚಳಿಯಲ್ಲಿ ಅದು ಕೈಗೆ ಬೆಚ್ಚಗೆ ಹತ್ತಿದರೆ ಒಳಗಿನ ಹಿಡಿತ ಸಡಿಲವಾಗಿದೆ ಎಂದರ್ಥ; ಕಂದು ಕಲೆಯೋ ಕರಗಿದ ಪ್ಲಾಸ್ಟಿಕ್ಕೋ ಕಂಡರೆ ಅಂದೇ ಬದಲಿಸಿ. ಬಾನೆಟ್ ತೆರೆದಾಗ ವೈರು ಫ್ಯಾನಿಗೂ ಎಕ್ಸಾಸ್ಟ್ ಕೊಳವೆಗೂ ದೂರವಾಗಿ ಕಟ್ಟಿಸಿಕೊಂಡಿದೆಯೇ, ಹೀಟರಿನ ತುದಿಗೆ ಅದು ಪೂರ್ತಿ ಒತ್ತಿ ಕೂತಿದೆಯೇ, ಅಲ್ಲಿ ಕೂಲೆಂಟ್ ಜಿನುಗಿದ ಗುರುತಿದೆಯೇ ಎಂದು ನೋಡಿಸಿ. ಜೋಡಿಸುವಾಗ ಮೊದಲು ಕಾರಿನ ಕಡೆ, ಆಮೇಲೆ ಗೋಡೆಯ ಕಡೆ. ಬಿಡಿಸುವಾಗ ಮೊದಲು ಗೋಡೆಯ ಕಡೆ. ನನ್ನ ಮೊದಲ ಚಳಿಗಾಲದಲ್ಲಿ, ಕೆಲಸಕ್ಕೆ ತಡವಾಯಿತೆಂಬ ಗಡಿಬಿಡಿಯಲ್ಲಿ, ವೈರನ್ನು ಬಿಡಿಸದೆಯೇ ಹೊರಟು ಬೀದಿಯ ತಿರುವಿನವರೆಗೂ ಅದನ್ನು ಬಾಲದಂತೆ ಎಳೆದುಕೊಂಡು ಹೋಗಿದ್ದೆ. ಅಂದಿನಿಂದ ವೈರನ್ನು ಚಾಲಕನ ಬದಿಯ ಕನ್ನಡಿಗೆ ಒಂದು ಸುತ್ತು ಹಾಕಿಯೇ ಪ್ಲಗ್ಗಿಗೆ ಒಯ್ಯುತ್ತೇನೆ, ಬಾಗಿಲು ತೆಗೆಯುವ ಮೊದಲು ಅದು ಕಣ್ಣಿಗೆ ಬೀಳಲೇಬೇಕು.

ಹೀಟರ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಎಂಜಿನ್ ತಣ್ಣಗಿರುವಾಗ ಪ್ಲಗ್ ಹಾಕಿ ಬಾನೆಟ್ ಬಳಿ ಕಿವಿಗೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ನೀರು ಕಾಯುವಾಗಿನಂಥ ಸಣ್ಣ ಸುಯ್ ಸದ್ದು ಕೇಳಬಹುದು. ಖಚಿತವಾಗಿ ಬೇಕೆಂದರೆ ಕರೆಂಟಿಗೆ ಜೋಡಿಸದ ಪ್ಲಗ್ಗಿನ ಎರಡು ಚಪ್ಪಟೆ ಪಿನ್ನುಗಳ ನಡುವಿನ ರೋಧವನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ: 400 ವ್ಯಾಟಿನದಾದರೆ ಸುಮಾರು 36 ಓಮ್, 600 ವ್ಯಾಟಿನದಾದರೆ 24, 1000 ವ್ಯಾಟಿನದಾದರೆ 14ರ ಆಸುಪಾಸು. ಮೀಟರ್ ಅಲ್ಲಾಡದಿದ್ದರೆ ಕಾಯಿಲೋ ವೈರೋ ತುಂಡಾಗಿದೆ, ನಿಮ್ಮ ಕಾರು ಆ ಬೆಳಿಗ್ಗೆ ಸ್ಟಾರ್ಟ್ ಆದದ್ದು ತನ್ನ ಸ್ವಂತ ಶಕ್ತಿಯಿಂದ. ಎಷ್ಟೋ ಹಳೆಯ ಕಾರುಗಳಲ್ಲಿ ಸತ್ತ ಹೀಟರಿನ ಪ್ಲಗ್ಗನ್ನು ಮನೆಯವರು ವರ್ಷಗಟ್ಟಲೆ ಭಕ್ತಿಯಿಂದ ಹಾಕುತ್ತಿರುತ್ತಾರೆ.

ಕೂಲೆಂಟಿನ ಮಟ್ಟ ಕಡಿಮೆಯಾಗಿದ್ದರೆ ಹೀಟರ್ ಹಾಕಬೇಡಿ. ನೀರಿಲ್ಲದ ಬಕೆಟ್ಟಿನಲ್ಲಿ ರಾಡ್ ಹಾಕಿದರೆ ಏನಾಗುತ್ತದೆಯೋ ಇಲ್ಲಿಯೂ ಅದೇ ಆಗುತ್ತದೆ. ಬರೀ ನೀರು ತುಂಬಿಸುವ ಯೋಚನೆಯಂತೂ ಮನಸ್ಸಿಗೂ ಬರಬಾರದು: ಅದು ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ ಬ್ಲಾಕೇ ಸೀಳುತ್ತದೆ. ಆಂಟಿಫ್ರೀಜ್ ಮತ್ತು ಶುದ್ಧ ನೀರು ಅರ್ಧರ್ಧ ಬೆರೆತ ದ್ರವ ಸುಮಾರು ಮೈನಸ್ 37 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಮಕ್ಕಳಿದ್ದಾರೆ ಎಂದಿದ್ದೀರಿ, ಆಂಟಿಫ್ರೀಜಿನಲ್ಲಿರುವ ಎಥಿಲೀನ್ ಗ್ಲೈಕಾಲಿನ ರುಚಿ ಸಿಹಿ, ಆದರೆ ಅದು ಮೂತ್ರಪಿಂಡವನ್ನು ಕೊಲ್ಲುವ ವಿಷ. ಡಬ್ಬವನ್ನು ಎತ್ತರದಲ್ಲಿ ಬೀಗ ಹಾಕಿಡಿ, ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೆಗೆಯಿರಿ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಮನೆಗೆ ಅಂಟಿದ ಶೆಡ್ಡಿನಲ್ಲಿ ಕಾರನ್ನು ಸ್ಟಾರ್ಟ್ ಮಾಡಿ ಬೆಚ್ಚಗಾಗಲೆಂದು ಬಿಡಬಾರದು, ದೊಡ್ಡ ಬಾಗಿಲು ತೆರೆದಿದ್ದರೂ ಬಿಡಬಾರದು. ತಣ್ಣಗಿನ ಎಂಜಿನ್ ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಒಳಬಾಗಿಲ ಸಂದಿಯಿಂದ ಮಲಗುವ ಕೋಣೆಯವರೆಗೂ ಹೋಗುತ್ತದೆ. ರಿಮೋಟಿನಿಂದ ಸ್ಟಾರ್ಟ್ ಮಾಡುವ ಸೌಲಭ್ಯವಿದ್ದರೆ, ಕಾರು ಶೆಡ್ಡಿನೊಳಗಿರುವಾಗ ಜೇಬಿನಲ್ಲಿ ಗುಂಡಿ ತಾನಾಗಿ ಒತ್ತಿಹೋಗದಂತೆ ನೋಡಿಕೊಳ್ಳಿ. ಹಿಮದಲ್ಲಿ ನಿಂತ ಕಾರಿನ ಹೊಗೆಕೊಳವೆಯ ಬಾಯಿ ಮುಚ್ಚಿಹೋಗಿದ್ದರೂ ಅದೇ ಅನಿಲ ಒಳಗೆ ಬರುತ್ತದೆ. ಮಕ್ಕಳನ್ನು ಒಳಗೆ ಕೂರಿಸಿ ಎಂಜಿನ್ ಚಾಲೂ ಮಾಡುವ ಮುನ್ನ ಹಿಂದೆ ಹೋಗಿ ಆ ಬಾಯಿಯನ್ನು ಬಿಡಿಸಿ. ಮನೆಯೊಳಗೆ ಈ ಅನಿಲವನ್ನು ಪತ್ತೆ ಮಾಡುವ ಅಲಾರಂ ಇಲ್ಲದಿದ್ದರೆ ಇವತ್ತೇ ಹಾಕಿಸಿ. ನಮ್ಮ ಹಿಮಾಲಯದ ರಸ್ತೆಗಳಲ್ಲಿ ಲಾರಿಯವರು ಹೆಪ್ಪುಗಟ್ಟಿದ ಡೀಸೆಲ್ ಟ್ಯಾಂಕಿನ ಅಡಿಗೆ ಬೆಂಕಿ ಮಾಡುವುದನ್ನು ನೋಡಿದವರು, ಪೆಟ್ರೋಲ್ ಕಾರಿನ ಕೆಳಗೆ ಕೆಂಡದ ಬಾಣಲೆ ಇಡುವ ಮಾತನ್ನೂ ಆಡುತ್ತಾರೆ. ಅದಕ್ಕೆ ಉತ್ತರ ಕೊಡುವ ಅಗತ್ಯವೂ ಇಲ್ಲವೆಂದು ಭಾವಿಸುತ್ತೇನೆ.

ಈಗ ಆ ಧಡಕ್ಕಿನ ಕಥೆ. ಕೈಗೇರಿನ ಕಾರಿನಲ್ಲಿ ಎಣ್ಣೆಯ ಕೆಲಸ ಹಲ್ಲುಗಳು ಸವೆಯದಂತೆ ಜಾರಿಸುವುದು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಣ್ಣೆಯೇ ಕಾಲು, ಎಣ್ಣೆಯೇ ಕೈ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ ಒಂದು ರೆಕ್ಕೆಚಕ್ರ ಎರಚಿದ ಎಣ್ಣೆಯಿಂದ ಇನ್ನೊಂದು ರೆಕ್ಕೆಚಕ್ರ ತಿರುಗುತ್ತದೆ. ಯಾವ ಗೇರು ಹತ್ತಬೇಕೋ ಅದರ ಕ್ಲಚ್ ಬಿಲ್ಲೆಗಳನ್ನು ಒಂದಕ್ಕೊಂದು ಒತ್ತುವುದೂ ಪಂಪಿನಿಂದ ಬಂದ ಎಣ್ಣೆಯ ಒತ್ತಡವೇ. ನೀವು ‘ಆರ್’ಗೆ ಸರಿಸಿದಾಗ ಕಡ್ಡಿಯಷ್ಟು ಸಣ್ಣ ಹಾದಿಗಳಲ್ಲಿ ಹರಿದು ಕ್ಲಚ್ಚಿನ ಹಿಂದಿನ ಕೋಣೆಯನ್ನು ಎಣ್ಣೆ ತುಂಬಬೇಕು. ಬೇಸಿಗೆಯಲ್ಲಿ ಅದು ಒಂದು ಸೆಕೆಂಡಿನೊಳಗಿನ ಕೆಲಸ; ಮೈನಸ್ 29ರಲ್ಲಿ ಎಣ್ಣೆ ಮಂದವಾಗಿರುತ್ತದೆ, ಒತ್ತಡ ಹಿಡಿದಿಡುವ ರಬ್ಬರ್ ಸೀಲುಗಳೂ ಸೆಟೆದುಕೊಂಡಿರುತ್ತವೆ, ಆದ್ದರಿಂದ ಕೋಣೆ ತುಂಬುವುದು ತಡವಾಗುತ್ತದೆ. ಆ ನಡುವೆ, ಇದೇಕೆ ಅಲುಗುತ್ತಿಲ್ಲ ಎಂದು ನೀವು ಆಕ್ಸಿಲರೇಟರ್ ಒತ್ತಿದರೆ, ಎಂಜಿನ್ ವೇಗವಾಗಿ ತಿರುಗುತ್ತಿರುವ ಹೊತ್ತಿಗೆ ಸರಿಯಾಗಿ ಕ್ಲಚ್ ಹಿಡಿದುಕೊಳ್ಳುತ್ತದೆ. ಧಡಕ್ ಎಂದದ್ದು ಬಹುಶಃ ಅದೇ. ತಡವಾದದ್ದರಿಂದ ಗೇರ್‌ಬಾಕ್ಸಿಗೆ ಆದ ಹಾನಿ ಅಲ್ಪ, ತಡವಾದಾಗ ಒತ್ತಿದ ಆಕ್ಸಿಲರೇಟರಿನಿಂದ ಆಗುವ ಹಾನಿ ದೊಡ್ಡದು.

ಬೆಳಗಿನ ಕ್ರಮ ಹೀಗಿರಲಿ. ಪ್ಲಗ್ ಬಿಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಗಾಜಿನ ಹಿಮವನ್ನು ಕೆರೆದು ತೆಗೆಯುವಷ್ಟು ಹೊತ್ತು ‘ಪಿ’ಯಲ್ಲೇ, ಅಂದರೆ ನಿಲುಗಡೆಯ ಸ್ಥಾನದಲ್ಲೇ, ಬಿಡಿ (ಗಾಜಿಗೆ ಬಿಸಿನೀರು ಸುರಿಯಬೇಡಿ, ಅದು ಬಿರಿಯುತ್ತದೆ). ಮೊದಲಿಗೆ ಏರಿದ್ದ ಎಂಜಿನ್ ವೇಗ ಇಳಿದು ಸ್ಥಿಮಿತಕ್ಕೆ ಬಂದ ಮೇಲೆ, ಬ್ರೇಕನ್ನು ಗಟ್ಟಿಯಾಗಿ ತುಳಿದುಕೊಂಡು ‘ಆರ್’ಗೆ ಸರಿಸಿ. ಗೇರು ಹಿಡಿದದ್ದು ಕಾರಿನ ಮೈಯಲ್ಲಿ ಸಣ್ಣ ಅಲುಗಾಟವಾಗಿ ತಿಳಿಯುತ್ತದೆ. ಅದು ಬರುವವರೆಗೆ ಬ್ರೇಕ್ ಬಿಡಬೇಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಹಿಂದಕ್ಕೆ ಬಂದು ಪೂರ್ತಿ ನಿಂತ ಮೇಲೆಯೇ ಮುಂದಕ್ಕೆ ಓಡಿಸುವ ‘ಡಿ’ಗೆ ಹಾಕಿ, ಮತ್ತೆ ಕಾಯಿರಿ. ಕಾರು ಇನ್ನೂ ಹಿಂದಕ್ಕೆ ಉರುಳುತ್ತಿರುವಾಗಲೇ ‘ಡಿ’ಗೆ ಎಳೆಯುವುದು ಎಲ್ಲ ಕಾಲದಲ್ಲೂ ಕೆಟ್ಟ ಅಭ್ಯಾಸ, ಚಳಿಯಲ್ಲಿ ದುಬಾರಿ ಅಭ್ಯಾಸ. ಮುಂದಿನ ಹತ್ತು ನಿಮಿಷ ಎಂಜಿನ್ ವೇಗ ನಿಮಿಷಕ್ಕೆ 2500 ಸುತ್ತು ಮೀರದಂತೆ ಮೆಲ್ಲಗೆ ಓಡಿಸಿ. ಅರ್ಧ ಗಂಟೆ ನಿಂತಲ್ಲೇ ಎಂಜಿನ್ ಓಡಿಸುವುದರಿಂದ ಗೇರ್‌ಬಾಕ್ಸಿಗೆ ಹೆಚ್ಚಿನ ಪ್ರಯೋಜನವಿಲ್ಲ. ಅದರ ಎಣ್ಣೆ ಚೆನ್ನಾಗಿ ಕಾಯುವುದು ಕಾರು ಚಲಿಸುವಾಗಲೇ. ಈ ಹೊತ್ತಿನಲ್ಲಿ ಮೇಲಿನ ಗೇರಿಗೆ ಹೋಗಲು ಕಾರು ತಡ ಮಾಡಿದರೆ, ಎಂಜಿನ್ ಎಂದಿಗಿಂತ ಹೆಚ್ಚು ಸದ್ದು ಮಾಡಿದರೆ ಗಾಬರಿ ಬೇಡ. ಎಣ್ಣೆ ಬೇಗ ಕಾಯಲೆಂದು ಅನೇಕ ಕಾರುಗಳ ನಿಯಂತ್ರಣ ಕಂಪ್ಯೂಟರೇ ಹಾಗೆ ಏರ್ಪಾಡು ಮಾಡಿರುತ್ತದೆ.

ಗೇರ್‌ಬಾಕ್ಸಿನ ಎಣ್ಣೆತಟ್ಟೆಗೂ ಬಿಸಿಪ್ಯಾಡ್ ಅಂಟಿಸಬಹುದೇ ಎಂಬ ಯೋಚನೆ ನಿಮಗೆ ಬಂದಿರಬಹುದು. ಅಂಟಿಸಬಹುದು, ಕೆನಡಾದ ಇನ್ನೂ ಉತ್ತರಕ್ಕಿರುವ ಯೆಲ್ಲೋನೈಫ್‌ನಂಥ ಊರಿನಲ್ಲಿ ಬಯಲಲ್ಲೇ ಕಾರು ನಿಲ್ಲಿಸುವವರಿಗೆ ಅದು ಯೋಗ್ಯವೂ ಹೌದು. ಸಸ್ಕಾಟೂನ್‌ನಲ್ಲಿ ದಿನಬಳಕೆಯ ಕಾರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಆ ಹಣಕ್ಕೆ ಗೇರ್‌ಬಾಕ್ಸ್ ಎಣ್ಣೆಯನ್ನು ಬದಲಿಸಿಕೊಳ್ಳಿ. ನಿಮ್ಮ ಕಾರಿಗೆ ಹತ್ತು ವರ್ಷ, ಎಣ್ಣೆಯನ್ನು ಹಿಂದಿನವರು ಬದಲಿಸಿದ್ದರೋ ಇಲ್ಲವೋ ನಿಮಗೆ ತಿಳಿಯದು. ಕೈಪಿಡಿ ಹೆಸರಿಸಿದ ಬಗೆಯನ್ನೇ ಹಾಕಿಸಬೇಕು, ‘ಎಲ್ಲಕ್ಕೂ ಆಗುತ್ತದೆ’ ಎಂಬ ಎಣ್ಣೆಗೆ ಒಪ್ಪಬೇಡಿ. ನಿಮ್ಮದು ಸಿವಿಟಿ ಬಗೆಯ (ಹಂತಹಂತದ ಗೇರುಗಳಿಲ್ಲದ) ಗೇರ್‌ಬಾಕ್ಸ್ ಆಗಿದ್ದರಂತೂ ಅದರ ಎಣ್ಣೆಯೇ ಬೇರೆ. ಮಟ್ಟವನ್ನು ಮಾತ್ರ ಚಳಿಯಲ್ಲಿ ನಿಂತ ಕಾರಿನಲ್ಲಿ ನೋಡಿ ಮೇಲಿಂದ ಸುರಿಯಬೇಡಿ. ತಣ್ಣಗಿರುವಾಗ ಎಣ್ಣೆ ಕುಗ್ಗಿ ಮಟ್ಟ ಕೆಳಗೆ ಕಾಣುತ್ತದೆ, ಸುರಿದದ್ದು ಬಿಸಿಯಾದಾಗ ಹೆಚ್ಚಾಗಿ ನೊರೆಯೇಳುತ್ತದೆ. ಕೈಪಿಡಿ ಹೇಳಿದ ಉಷ್ಣತೆಯಲ್ಲೇ ಅದನ್ನು ಅಳೆಯಬೇಕು. ಆದರೆ ಇದರ ಇನ್ನೊಂದು ಮುಖವೂ ಇದೆ: ಮಟ್ಟ ಮೊದಲೇ ಸ್ವಲ್ಪ ಕಡಿಮೆ ಇದ್ದ ಕಾರಿನಲ್ಲಿ, ಚಳಿಗೆ ಕುಗ್ಗಿದ ಎಣ್ಣೆಯ ಜೊತೆ ಪಂಪು ಗಾಳಿಯನ್ನೂ ಹೀರಿಕೊಂಡು ನೀವು ಕಂಡಂಥ ತಡವೇ ಆಗುತ್ತದೆ. ಆದ್ದರಿಂದ ಒಮ್ಮೆ ಅಳೆಯಿಸಿ, ಕಾರಿನ ಅಡಿಯ ಹಿಮದ ಮೇಲೆ ಸೋರಿದ ಎಣ್ಣೆಯ ಕೆಂಪು ಹನಿಗಳಿವೆಯೇ ನೋಡಿ. ಅರ್ಧ ಗಂಟೆ ಓಡಿಸಿದ ಮೇಲೂ ಗೇರು ತಡವಾಗಿ ಹಿಡಿದರೆ, ಎಂಜಿನ್ ಕೂಗಿದರೂ ಕಾರು ಮುಂದೆ ಸಾಗದಿದ್ದರೆ, ಎಣ್ಣೆಗೆ ಸುಟ್ಟ ವಾಸನೆಯಿದ್ದರೆ ಅದು ಚಳಿಯ ತೊಂದರೆಯಲ್ಲ, ಗೇರ್‌ಬಾಕ್ಸ್ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಬೇಕಾದ ತೊಂದರೆ.

ನಿಲ್ಲಿಸುವ ವಿಷಯದಲ್ಲೂ ಒಂದು ಮಾತು. ‘ಪಿ’ಯಲ್ಲಿ ಕಾರನ್ನು ಹಿಡಿದಿಡುವುದು ಹೆಬ್ಬೆರಳಿನಷ್ಟು ದೊಡ್ಡ ಒಂದು ಕೊಕ್ಕೆ. ಇಳಿಜಾರಿನಲ್ಲಿ ನಿಂತು ನೇರ ‘ಪಿ’ಗೆ ಹಾಕಿ ಕಾಲು ತೆಗೆದರೆ ಕಾರಿನ ಭಾರವೆಲ್ಲ ಅದರ ಮೇಲೆ ಬಿದ್ದು, ಮರುದಿನ ಗೇರು ಬಿಡಿಸುವಾಗ ಟಪ್ಪೆಂದು ಸಿಡಿದು ಬರುತ್ತದೆ. ಬ್ರೇಕ್ ತುಳಿದು ‘ಎನ್’ಗೆ (ನ್ಯೂಟ್ರಲ್) ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಭಾರ ಅದರ ಮೇಲೆ ಕೂತ ಮೇಲೆ ‘ಪಿ’ಗೆ ಸರಿಸಿ. ಆದರೆ ಕರಗಿದ ಹಿಮದ ರಾಡಿಯಲ್ಲಿ ಓಡಿಸಿ ಬಂದ ಸಂಜೆ, ಜಾಗ ಸಮತಟ್ಟಾಗಿದ್ದರೆ, ಹ್ಯಾಂಡ್ ಬ್ರೇಕ್ ಎಳೆಯದಿರುವುದೇ ಮೇಲು. ಕೇಬಲ್ಲಿನೊಳಗಿನ ನೀರು ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಚಕ್ರ ಬಿಡುವುದಿಲ್ಲ.

ಹಿಮದಲ್ಲಿ ಚಕ್ರ ಹೂತಾಗ ‘ಡಿ’, ‘ಆರ್’, ‘ಡಿ’, ‘ಆರ್’ ಎಂದು ಉಯ್ಯಾಲೆಯಾಡಿಸುವುದನ್ನು ಅಕ್ಕಪಕ್ಕದವರು ಕಲಿಸಿಕೊಡುತ್ತಾರೆ. ಎರಡು ಮೂರು ಬಾರಿ, ಪ್ರತಿ ಸಲ ಚಕ್ರ ನಿಂತ ಮೇಲೆ ಗೇರು ಬದಲಿಸಿ, ಆಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಪ್ರಯತ್ನಿಸಬಹುದು. ಬರದಿದ್ದರೆ ಇಳಿದು ಸಲಿಕೆ ಹಿಡಿಯಿರಿ. ಕಾರು ನಿಂತೇ ಇದ್ದು ಎಂಜಿನ್ ಭೋರೆನ್ನುವಾಗ ಆ ಶಕ್ತಿಯೆಲ್ಲ ಟಾರ್ಕ್ ಕನ್ವರ್ಟರಿನ ಎಣ್ಣೆಯಲ್ಲಿ ಶಾಖವಾಗಿ ಸೇರುತ್ತದೆ. ಹೊರಗೆ ಮೈನಸ್ 30 ಇದ್ದಾಗಲೂ ಒಳಗಿನ ಎಣ್ಣೆ ಸುಟ್ಟುಹೋದ ಗೇರ್‌ಬಾಕ್ಸುಗಳನ್ನು ನಾನು ಬಿಚ್ಚಿದ್ದೇನೆ. ಮರಳಿನ ಒಂದು ಚೀಲ ಡಿಕ್ಕಿಯಲ್ಲಿರಲಿ, ಚಕ್ರದ ಮುಂದೆ ಎರಡು ಬೊಗಸೆ ಎರಚಿದರೆ ಕಾರು ಹೊರಬರುತ್ತದೆ.

ಕೊನೆಯದಾಗಿ, ಊರಿನ ಅಭ್ಯಾಸದ ಬಲದಿಂದ ನಾಲ್ಕು ಜನರನ್ನು ಕರೆದು ತಳ್ಳಿಸಿ ಸ್ಟಾರ್ಟ್ ಮಾಡಲು ಹೋಗಬೇಡಿ. ಎಂಜಿನ್ ತಿರುಗದೆ ಗೇರ್‌ಬಾಕ್ಸಿನ ಪಂಪು ತಿರುಗದು, ಪಂಪು ತಿರುಗದೆ ಕ್ಲಚ್ ಹಿಡಿಯದು; ಎಷ್ಟು ತಳ್ಳಿದರೂ ಚಕ್ರದ ಸುತ್ತು ಎಂಜಿನ್ನನ್ನು ತಲುಪುವುದಿಲ್ಲ. ಅದೇ ಕಾರಣಕ್ಕೆ ಕೆಟ್ಟುನಿಂತ ಆಟೋಮ್ಯಾಟಿಕ್ ಕಾರನ್ನು ಹಗ್ಗ ಕಟ್ಟಿ ಎಳೆಸಬಾರದು, ಎಂಜಿನ್ ತಿರುಗಿಸುವ ಚಕ್ರಗಳು ನೆಲದಿಂದ ಮೇಲಿರುವಂತೆ ಅಥವಾ ಇಡೀ ಕಾರನ್ನೇ ಹೊತ್ತೊಯ್ಯುವ ವಾಹನದಲ್ಲಿ ಸಾಗಿಸಬೇಕು. ಬ್ಯಾಟರಿ ಇಳಿದಿದ್ದರೆ ಇನ್ನೊಂದು ಕಾರಿನಿಂದ ವೈರು ಕೊಡಿಸಿಕೊಳ್ಳಬಹುದು, ಆದರೆ ಅದಕ್ಕೆ ಮೊದಲು ಬ್ಯಾಟರಿಯ ಪಕ್ಕಗಳು ಉಬ್ಬಿವೆಯೇ ನೋಡಿ: ಚಾರ್ಜ್ ಇಳಿದ ಬ್ಯಾಟರಿ ಈ ಚಳಿಗೆ ಒಳಗೇ ಹೆಪ್ಪುಗಟ್ಟುತ್ತದೆ, ಅದಕ್ಕೆ ಕರೆಂಟು ಕೊಟ್ಟರೆ ಸಿಡಿಯಬಹುದು. ಹತ್ತು ವರ್ಷದ ಕಾರಿನಲ್ಲಿ ಬ್ಯಾಟರಿಯ ವಯಸ್ಸೆಷ್ಟು ಎಂಬುದನ್ನು ಈ ವಾರವೇ ಅದರ ಮೇಲಿನ ದಿನಾಂಕದಲ್ಲಿ ನೋಡಿಕೊಳ್ಳಿ. ಐದು ವರ್ಷ ದಾಟಿದ್ದರೆ ಜನವರಿಗೆ ಕಾಯದೆ ಬದಲಿಸಿ.